ಅಮ್ಮನ ರೂಮಲ್ಲಿ ಹೀಟರ್ ಕಾಯಿಲ್

ಪ್ರಶ್ನೆ: ಸರ್, ನಮ್ಮಮ್ಮಂಗೆ 78 ವರ್ಷ, ಶುಗರ್ ಇದೆ, ಮೈಸೂರಿನ ಒಂದು ವೃದ್ಧಾಶ್ರಮದಲ್ಲಿದಾರೆ. ಮಂಚದ ಹತ್ರ ಇರೋದು ಒಂದೇ ಪ್ಲಗ್ ಪಾಯಿಂಟು, ಅದಕ್ಕೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಕೆಟಲ್ಲು, ಕಾಲಿಗೆ ಇಟ್ಕೊಳ್ಳೋ ಹೀಟಿಂಗ್ ಪ್ಯಾಡು, ಮೊಬೈಲ್ ಚಾರ್ಜರ್, ಪಕ್ಕದ ಬೆಡ್ ಅಜ್ಜಿಯ ಆಕ್ಸಿಜನ್ ಮಷೀನು ಎಲ್ಲಾ ಸಿಕ್ಕಿಸಿದಾರೆ, ಸ್ನಾನಕ್ಕೆ ಬಕೆಟ್ಟಲ್ಲಿ ಕಾಯಿಲ್ ಬೇರೆ. ಕೇಳಿದ್ರೆ ಎಂಸಿಬಿ ಇದೆ, ಶಾಕ್ ಹೊಡೆಯಲ್ಲ ಬಿಡಿ ಅಂತಾರೆ. ಹೌದಾ?

ಉತ್ತರ: ಇಲ್ಲ ರೀ. ಎಂಸಿಬಿ ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನೇ ಆಫ್ (ಟ್ರಿಪ್) ಆಗೋ ಸ್ವಿಚ್ಚು, ಅದು ಕಾಯೋದು ವೈರನ್ನ, ಮನುಷ್ಯರನ್ನಲ್ಲ. 16 ಆಂಪ್‌ದು ಟ್ರಿಪ್ ಆಗೋಕೆ 16 ಆಂಪ್‌ಗಿಂತ ಜಾಸ್ತಿ ಹರೀಬೇಕು, ಜೀವ ಹೋಗೋಕೆ ಒಂದು ಆಂಪ್‌ನ ಹತ್ತರಲ್ಲಿ ಒಂದು ಪಾಲು ಸಾಕು. ನಿಮಗೆ ಬೇಕಿರೋದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಕರೆಂಟ್ ಮೈ ಮೂಲಕ ನೆಲಕ್ಕೆ ಲೀಕ್ ಆದ ಕೂಡಲೇ ಅದು ಲೈನ್ ಕಟ್ ಮಾಡತ್ತೆ. ಅದರಲ್ಲೊಂದು ಟೆಸ್ಟ್ ಬಟನ್ ಇರತ್ತೆ, ಮುಂದಿನ ಸಲ ಹೋದಾಗ ನಿಮ್ಮೆದುರಿಗೇ ಒತ್ತಿಸಿ ನೋಡಿ. ಅರ್ತಿಂಗೂ ಚೆಕ್ ಮಾಡಿಸಿ.

ಆ ಸಣ್ಣ ಪ್ಲಗ್ಗು 6 ಆಂಪ್‌ದು, 230 ವೋಲ್ಟ್‌ಗೆ ಲೆಕ್ಕ ಹಾಕಿದ್ರೆ 1380 ವಾಟ್ ಆಯ್ತು, 1500 ವಾಟ್ ಕೆಟಲ್ ಒಂದೇ ಅದನ್ನ ದಾಟತ್ತೆ, ಇನ್ನು ಮಿಕ್ಕಿದ್ದೆಲ್ಲ ಸೇರಿದ್ರೆ ಬಾಕ್ಸು ಬಿಸಿಯಾಗಿ ಕರಗದೆ ಇನ್ನೇನಾಗತ್ತೆ? ಕೆಟಲ್‌ಗೆ 16 ಆಂಪ್ ಪಾಯಿಂಟ್ ಬೇರೆ ಹಾಕಿಸ್ಲಿ, ಇಲ್ಲಾಂದ್ರೆ ಒಂದು ಫ್ಲಾಸ್ಕ್ ಕೊಡಿಸಿ.

ಕಾಯಿಲ್ ಮಾತ್ರ ಬೇಡವೇ ಬೇಡ. ಸ್ವಿಚ್ ಆಫ್ ಮಾಡದೆ ನೀರಿಗೆ ಕೈ ಅದ್ದಿ ಬಿಸಿ ನೋಡೋ ಅಭ್ಯಾಸ ನಮ್ಮಲ್ಲಿ ಸುಮಾರು ಜನಕ್ಕೆ ಇದೆ, ಇನ್ನು ಮರೆವು ಇರೋ ವಯಸ್ಸಾದವರ ಕಥೆ ಕೇಳ್ಬೇಕಾ. ಆದ್ರೆ ಬರೀ ನಿಷೇಧ ಅಂತ ಬೋರ್ಡ್ ಹಾಕಿದ್ರೆ ಪ್ರಯೋಜನ ಇಲ್ಲ, ಬೆಳಿಗ್ಗೆ 5ಕ್ಕೇ ಸ್ನಾನ ಪೂಜೆ ಮುಗಿಸೋರಿಗೆ ಆಶ್ರಮದ ಬಿಸಿನೀರು 8ಕ್ಕೆ ಬಂದ್ರೆ ಮಂಚದ ಕೆಳಗೆ ಇನ್ನೊಂದು ಕಾಯಿಲ್ ಬಂದೇ ಬರತ್ತೆ. ಆಡಳಿತದವರ ಹತ್ರ ಮೊದ್ಲು ಆ ನೀರಿನ ಟೈಮ್ ಬಗ್ಗೆ ಮಾತಾಡಿ.

ಹೀಟಿಂಗ್ ಪ್ಯಾಡ್ ವಿಷಯದಲ್ಲಿ ನನಗೆ ಶಾಕ್‌ಗಿಂತ ಸುಟ್ಟಗಾಯದ್ದೇ ಭಯ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ರೆ ಉರಿ ಗೊತ್ತೇ ಆಗಲ್ಲ, ಬೊಬ್ಬೆ ಎದ್ದು ಗಾಯ ಆದ್ಮೇಲೆ ಮಾಯೋದೂ ಕಷ್ಟ. ಸಾಕ್ಸ್ ಹಾಕ್ಸಿ ಸಾಕು.

ಆಕ್ಸಿಜನ್ ಮಷೀನನ್ನ ಇವತ್ತೇ ಆ ಬಾಕ್ಸಿಂದ ತೆಗೆಸಿ ನೇರ ಗೋಡೆ ಪ್ಲಗ್ಗಿಗೆ ಹಾಕಿಸಿ. ಅದರ ಹತ್ರ ದೀಪ, ಊದುಬತ್ತಿ, ಹೀಟರ್ ಯಾವುದೂ ಬೇಡ. ಕರೆಂಟ್ ಹೋದ್ರೆ ಅಜ್ಜಿಗೆ ಸಿಲಿಂಡರ್ ಇದೆಯಾ ಅಂತಾನೂ ಕೇಳಿ.