ಸಾವಿರಾರು ಫೋಟೋ ಸೇರಿಸಿ ಬೇಗ ವಿಡಿಯೋ ಮಾಡೋದು ಹೆಂಗೆ?

ಪ್ರಶ್ನೆ: ಸರ್, ಮುಳ್ಳಯ್ಯನಗಿರೀಲಿ ಬೆಳಗ್ಗೆ 6ರಿಂದ 10ರವರೆಗೆ ಮೋಡ ಸರಿಯೋದನ್ನ 5 ಸೆಕೆಂಡಿಗೊಂದರಂತೆ ಫೋಟೋ ತೆಗ್ದಿದೀನಿ, ಒಟ್ಟು 2880 ಇದೆ, ಎಲ್ಲಾ 24 ಮೆಗಾಪಿಕ್ಸೆಲ್ ಜೆಪೆಗ್. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದ್ರೆ ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತೆ, ಹೆಂಗೋ ಎಕ್ಸ್‌ಪೋರ್ಟ್ ಕೊಟ್ರೆ ರಾತ್ರಿಯೆಲ್ಲಾ ಓಡುತ್ತೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರೋ ಲ್ಯಾಪ್‌ಟಾಪ್ ತಗೊಳ್ಳಿ ಅಂತಾರೆ ಅಂಗಡಿಯವರು. ತಗೊಳ್ಳಲೇಬೇಕಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಈಗಲೇ ದುಡ್ಡು ಖರ್ಚು ಮಾಡ್ಬೇಡಿ. ನಿಮ್ಮ ಒಂದೊಂದು ಫೋಟೋನೂ 6000 ಪಿಕ್ಸೆಲ್ ಅಗಲ 4000 ಎತ್ತರ ಇರುತ್ತೆ, ಫುಲ್ ಎಚ್‌ಡಿ ವಿಡಿಯೋದ ಫ್ರೇಮ್ ಬರೀ 1920 ಇಂಟು 1080, ಅಂದ್ರೆ ಬೇಕಾದ್ದಕ್ಕಿಂತ ಹನ್ನೊಂದು ಪಟ್ಟು ದೊಡ್ಡ ಚಿತ್ರಾನ ಒಂದೊಂದೇ ಓದಿ, ಬಿಚ್ಚಿ, ಚಿಕ್ಕದು ಮಾಡಿ ಆಮೇಲೆ ವಿಡಿಯೋಗೆ ಸೇರಿಸ್ಬೇಕು, ಟೈಮ್ ಹೆಚ್ಚಾಗಿ ಹೋಗೋದು ಇಲ್ಲೇ. ಗ್ರಾಫಿಕ್ಸ್ ಕಾರ್ಡ್ ಜಾಸ್ತಿ ಸಹಾಯ ಮಾಡೋದು ಕೊನೇ ಹಂತಕ್ಕೆ, ಮೊದಲ ಹಂತದಲ್ಲೇ ಸಾಲು ನಿಂತಿದ್ರೆ ಅದು ಸುಮ್ನೆ ಕಾಯ್ತಾ ಕೂತಿರುತ್ತೆ.

ಮೊದ್ಲು ಫೋಟೋಗಳನ್ನ ಮೆಮೊರಿ ಕಾರ್ಡಿಂದಾನೋ ಪೆನ್‌ಡ್ರೈವಿಂದಾನೋ ಓದಿಸ್ಬೇಡಿ, ಲ್ಯಾಪ್‌ಟಾಪಿನ ಎಸ್ಎಸ್‌ಡಿಗೆ ಕಾಪಿ ಮಾಡ್ಕೊಳ್ಳಿ. ಆಮೇಲೆ ಎಫ್ಎಫ್‌ಎಂಪೆಗ್ ಹಾಕ್ಕೊಳ್ಳಿ. ಫ್ಯಾಬ್ರಿಸ್ ಬೆಲ್ಲಾರ್ಡ್ 2000ದಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಇದು, ಪೂರ್ತಿ ಫ್ರೀ. ಕಿಟಕಿ, ಬಟನ್ ಏನೂ ಇಲ್ಲ, ಕಮ್ಯಾಂಡ್ ಟೈಪ್ ಮಾಡ್ಬೇಕು, ಅದಕ್ಕೇ ತುಂಬಾ ಜನ ಹೆದರ್ತಾರೆ, ಆದ್ರೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ನನಗಂತೂ ಕಂಡಿಲ್ಲ.

ಕಮ್ಯಾಂಡಲ್ಲಿ ಏನೇನಿರ್ಬೇಕು ಅಂತ ಬಾಯಲ್ಲಿ ಹೇಳೋ ಹಾಗೆ ಹೇಳ್ತೀನಿ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ಕೊಳ್ಳಿ. ಮೊದ್ಲು ಹೈಫನ್ ಫ್ರೇಮ್‌ರೇಟ್ 24 (ಅಂದ್ರೆ ಸೆಕೆಂಡಿಗೆ 24 ಫೋಟೋ), ಆಮೇಲೆ ಹೈಫನ್ ಐ ಹಾಕಿ ಫೈಲ್ ಹೆಸರು. ಹೆಸರಲ್ಲಿ ನಂಬರ್ ಬರೋ ಜಾಗಕ್ಕೆ ಪರ್ಸೆಂಟ್ ಗುರುತು, ಸೊನ್ನೆ, ನಾಲ್ಕು, ಡಿ ಅಂತ ಹಾಕಿದ್ರೆ ನಾಲ್ಕಂಕಿಯ ನಂಬರ್ ಇರೋ ಫೋಟೋಗಳನ್ನ ಸಾಲಾಗಿ ಅದೇ ಎತ್ಕೊಳ್ಳುತ್ತೆ. ಬ್ಯಾಚ್ ಫೈಲಲ್ಲಿ (ಕಮ್ಯಾಂಡ್ ಉಳಿಸಿಟ್ಟು ಮತ್ತೆ ಓಡಿಸೋ ಫೈಲ್) ಬರೆದಿಟ್ಕೊಳ್ತೀರಾದ್ರೆ ವಿಂಡೋಸಲ್ಲಿ ಪರ್ಸೆಂಟ್ ಗುರುತು ಎರಡು ಸಲ ಹಾಕ್ಬೇಕು. ಕ್ಯಾಮೆರಾ ನಂಬರ್ 3127ರಿಂದಾನೋ ಎಲ್ಲಿಂದಾನೋ ಶುರು ಆಗಿದ್ರೆ ಹೈಫನ್ ಐ ಮುಂಚೆ ಸ್ಟಾರ್ಟ್ ನಂಬರ್ ಕೊಡಿ, ಇಲ್ಲಾಂದ್ರೆ ಸೊನ್ನೆಯಿಂದ ನಾಲ್ಕರ ಒಳಗೆ ಹುಡುಕಿ ಫೈಲೇ ಇಲ್ಲ ಅನ್ನುತ್ತೆ. ಆಮೇಲೆ ಸ್ಕೇಲ್ 1920, ಎತ್ತರದ ಜಾಗಕ್ಕೆ ಮೈನಸ್ 2, ಆಗ ಎತ್ತರ ತಾನೇ ಲೆಕ್ಕ ಹಾಕಿ ಸಮ ಸಂಖ್ಯೆಗೆ ತರುತ್ತೆ. ನಿಮ್ಮ ಫೋಟೋ 3:2 ಆಗಿರೋದ್ರಿಂದ 1920 ಇಂಟು 1280 ಬರುತ್ತೆ, ಮೇಲೆ ಕೆಳಗೆ ಕತ್ತರಿಸೋಕೆ ಜಾಗ ಸಿಕ್ಕಿದ ಹಾಗೂ ಆಯ್ತು. ಎನ್‌ಕೋಡರ್ (ಚಿತ್ರಗಳನ್ನ ಒತ್ತಿ ವಿಡಿಯೋ ಮಾಡೋ ಭಾಗ) ಲಿಬ್‌ಎಕ್ಸ್264, ವೇಗ ಹೇಳೋ ಪ್ರಿಸೆಟ್ ವೆರಿಫಾಸ್ಟ್, ಕ್ವಾಲಿಟಿ ಹೇಳೋ ಸಿಆರ್‌ಎಫ್ 20. ಸಿಆರ್‌ಎಫ್ ಹೇಳದಿದ್ರೆ 23 ತಗೊಳ್ಳುತ್ತೆ, ನಂಬರ್ ಕಡಿಮೆ ಆದಷ್ಟೂ ಕ್ವಾಲಿಟಿ ಜಾಸ್ತಿ ಫೈಲೂ ದೊಡ್ಡದು. ಮೋಡ, ಮಂಜಿನಂಥ ನಯವಾದ ಚಿತ್ರದಲ್ಲಿ ಕ್ವಾಲಿಟಿ ಕಡಿಮೆ ಮಾಡಿದ್ರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತೆ, ನಾಲ್ಕು ಗಂಟೆ ಚಳೀಲಿ ನಿಂತು ತೆಗೆದಿದೀರಿ, ಅಲ್ಲಿ ಜಿಪುಣತನ ಬೇಡ. 24ರ ಲೆಕ್ಕಕ್ಕೆ ಸರಿಯಾಗಿ 2 ನಿಮಿಷದ ವಿಡಿಯೋ ಬರುತ್ತೆ.

ಇನ್ನೂ ನಿಧಾನ ಅನ್ಸಿದ್ರೆ ಟಾಸ್ಕ್ ಮ್ಯಾನೇಜರ್ ನೋಡಿ. ಪ್ರೊಸೆಸರ್ ಪೂರ್ತಿ ದುಡೀತಿಲ್ಲ ಅಂದ್ರೆ ಕೆಲಸಾನ ಎರಡು ಪಾಲು ಮಾಡಿ, ಫ್ರೇಮ್ಸ್ ಅನ್ನೋ ಆಪ್ಷನಲ್ಲಿ 1440 ಕೊಟ್ಟು ಮೊದಲರ್ಧ ಒಂದು ವಿಂಡೋದಲ್ಲಿ, ಸ್ಟಾರ್ಟ್ ನಂಬರ್ ಮುಂದಕ್ಕೆ ಹಾಕಿ ಉಳಿದರ್ಧ ಇನ್ನೊಂದರಲ್ಲಿ, ಎರಡನ್ನೂ ಒಟ್ಟಿಗೆ ಓಡಿಸಿ, ಕೊನೆಗೆ ಕಾನ್‌ಕ್ಯಾಟ್ ಮಾಡಿ, ಜೋಡಿಸುವಾಗ ಕಾಪಿ ಅಂತ ಕೊಟ್ರೆ ಮತ್ತೆ ಎನ್‌ಕೋಡ್ ಮಾಡೋದಿಲ್ಲ, ಕ್ಷಣದಲ್ಲಿ ಮುಗಿಯುತ್ತೆ.

ಎಲ್ಲಕ್ಕಿಂತ ಫಾಸ್ಟ್ ದಾರಿ ಇನ್ನೊಂದಿದೆ. ಎನ್‌ಕೋಡರ್ ಜಾಗದಲ್ಲೇ ಕಾಪಿ ಅಂತ ಕೊಟ್ಟು ಎಂಕೆವಿ ಫೈಲ್ ಮಾಡಿದ್ರೆ ಜೆಪೆಗ್‌ಗಳನ್ನ ಬಿಚ್ಚದೇ ಇದ್ದ ಹಾಗೇ ಪೋಣಿಸಿಬಿಡುತ್ತೆ, ಕ್ವಾಲಿಟಿ ಒಂಚೂರೂ ಹೋಗಲ್ಲ. ಆದ್ರೆ ಒಂದು ಫೋಟೋ 8 ಎಂಬಿ ಅಂದ್ಕೊಂಡ್ರೂ ಸುಮಾರು 23 ಜಿಬಿ ಆಗುತ್ತೆ, ಪ್ಲೇ ಮಾಡೋಕೂ ತಡವರಿಸುತ್ತೆ. ಅದು ಎತ್ತಿಡೋಕೆ ಸರಿ, ನೋಡೋಕಲ್ಲ.

ಪ್ರಶ್ನೆ: ನಮ್ಮ ಶಾಲೆ ಮಕ್ಕಳು ಜೇಡಿಮಣ್ಣಿನ ಗೊಂಬೆ ಇಟ್ಟು ಸ್ಟಾಪ್ ಮೋಷನ್ (ಗೊಂಬೇನ ಸ್ವಲ್ಪ ಸ್ವಲ್ಪ ಸರಿಸಿ ಒಂದೊಂದೇ ಫೋಟೋ ತೆಗೆಯೋದು) ಮಾಡಿದಾರೆ. ಎಫ್ಎಫ್‌ಎಂಪೆಗಲ್ಲಿ ವಿಡಿಯೋ ಮಾಡಿದ್ರೆ ಗೊಂಬೆಗಳು ಓಡಿಹೋಗ್ತವೆ, ಅದೂ ಅರ್ಧಕ್ಕೇ ನಿಂತುಹೋಗುತ್ತೆ. (ಶಿಕ್ಷಕಿ, ಧಾರವಾಡ)

ಉತ್ತರ: ಮೇಡಂ, ಎರಡೂ ಬೇರೆ ಬೇರೆ ಕಾರಣ. ಫ್ರೇಮ್‌ರೇಟ್ ಹೇಳದಿದ್ರೆ ಎಫ್ಎಫ್‌ಎಂಪೆಗ್ ಸೆಕೆಂಡಿಗೆ 25 ಫೋಟೋ ಓಡಿಸುತ್ತೆ, ಮಕ್ಕಳ ಕೆಲಸಕ್ಕೆ 12 ಸಾಕು. ಹೈಫನ್ ಐಗಿಂತ ಮುಂಚೆ ಫ್ರೇಮ್‌ರೇಟ್ 12 ಹಾಕಿ, ಔಟ್‌ಪುಟ್ ಕಡೆ (ಕೊನೇಲಿ ವಿಡಿಯೋ ಫೈಲ್ ಹೆಸರಿಗಿಂತ ಮುಂಚೆ) ಹೈಫನ್ ಆರ್ 24 ಹಾಕಿ, ಆಗ ಪ್ರತಿ ಫೋಟೋ ಎರಡು ಫ್ರೇಮ್ ನಿಲ್ಲುತ್ತೆ. ಫ್ರೇಮ್‌ರೇಟ್ 12 ಮುಂಚೇನೇ ಬರ್ಬೇಕು, ಬರೀ ಔಟ್‌ಪುಟ್ ಕಡೆ 12 ಅಂತ ಹಾಕಿದ್ರೆ 25ರಲ್ಲಿ ಓದಿ ಅರ್ಧಕ್ಕರ್ಧ ಫೋಟೋ ಬಿಸಾಕುತ್ತೆ, ಮಕ್ಕಳು ಅಷ್ಟು ಸಹನೆಯಿಂದ ತೆಗೆದಿರೋದು ಹಾಳಾಗುತ್ತೆ.

ಅರ್ಧಕ್ಕೆ ನಿಲ್ಲೋದು ನೀವು ನಡುವೆ ಕೈ ಅಡ್ಡ ಬಂದ ಫೋಟೋ ಡಿಲೀಟ್ ಮಾಡಿರೋದ್ರಿಂದ ಇರ್ಬೇಕು, ನಂಬರ್ ಸಾಲು ತಪ್ಪಿದ್ರೆ ಅದು ಮುಂದಕ್ಕೆ ಹೋಗಲ್ಲ. ವಿಂಡೋಸಲ್ಲಿ ಎಲ್ಲಾ ಫೋಟೋ ಸೆಲೆಕ್ಟ್ ಮಾಡಿ ಎಫ್2 ಒತ್ತಿ ಒಂದು ಹೆಸರು ಕೊಡಿ, ಬ್ರಾಕೆಟ್ಟಲ್ಲಿ 1, 2, 3 ಅಂತ ಹೊಸ ನಂಬರ್ ಬೀಳುತ್ತೆ, ಆಗ ಹೆಸರಿನ ಪ್ಯಾಟರ್ನಲ್ಲಿ ಸೊನ್ನೆ ನಾಲ್ಕು ಬೇಡ, ಬ್ರಾಕೆಟ್ ಒಳಗೆ ಪರ್ಸೆಂಟ್ ಗುರುತು ಮತ್ತೆ ಡಿ ಸಾಕು. ಹೆಸರಲ್ಲಿ ಸ್ಪೇಸ್ ಬರೋದ್ರಿಂದ ಇಡೀ ಹೆಸರನ್ನ ಡಬಲ್ ಕೋಟ್ಸ್ ಒಳಗೆ ಹಾಕಿ.

ಪ್ರಶ್ನೆ: ಎಫ್ಎಫ್‌ಎಂಪೆಗಲ್ಲಿ ಮಾಡಿದ ವಿಡಿಯೋ ಲ್ಯಾಪ್‌ಟಾಪಲ್ಲಿ ಓಡುತ್ತೆ, ಫೋನಲ್ಲಿ ಬರೀ ಕಪ್ಪು! (ಓದುಗರು, ಕುಂದಾಪುರ)

ಉತ್ತರ: ಪಿಎನ್‌ಜಿ ಚಿತ್ರಗಳಿಂದ ಮಾಡಿದ್ರೆ ಹೀಗಾಗೋದು ಜಾಸ್ತಿ, ಬಣ್ಣದ ಮಾಹಿತಿ ಪೂರ್ತಿ ಉಳಿಸ್ಕೊಂಡಿರೋ 4:4:4 ವಿಡಿಯೋ ಆಗುತ್ತೆ, ತುಂಬಾ ಫೋನುಗಳಿಗೆ ಅದು ಬರಲ್ಲ. ಔಟ್‌ಪುಟ್ ಕಡೆ ಪಿಕ್ಸ್ ಅಂಡರ್‌ಸ್ಕೋರ್ ಎಫ್‌ಎಂಟಿ ಅಂತ ಹಾಕಿ ಬಣ್ಣದ ಮಾಹಿತಿ ಕಡಿಮೆ ಇರೋ ವೈಯುವಿ420ಪಿ ಕೊಡಿ, ಅಗಲ ಎತ್ತರ ಎರಡೂ ಸಮ ಸಂಖ್ಯೆ ಇರ್ಲಿ, ಇಲ್ಲಾಂದ್ರೆ ಎನ್‌ಕೋಡರ್ ಶುರುನೇ ಆಗಲ್ಲ.