ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ: ಆಯ್ಕೆ ಯಾರದು?

ಪ್ರಶ್ನೆ: ನನ್ನ ಏಳು ವರ್ಷದ ಮಗಳಿಗೆ ಶ್ರವಣದೋಷವಿದೆ, ಪ್ರಮಾಣಪತ್ರದಲ್ಲಿ ಶೇ 52 ಎಂದು ನಮೂದಾಗಿದೆ. ಶ್ರವಣಯಂತ್ರ ಹಾಕಿಕೊಂಡರೆ ಎದುರಿನವರ ಮಾತು ಅವಳಿಗೆ ತಿಳಿಯುತ್ತದೆ. ಮನೆಯ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಲು ಹೋದಾಗ ಮುಖ್ಯ ಶಿಕ್ಷಕರು, ‘ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ’ ಎಂದು ಅರ್ಜಿಯನ್ನು ಹಿಂದಿರುಗಿಸಿದರು. ಇದೇ ಶಾಲೆ ಬೇಕೆಂದು ಕೇಳುವ ಹಕ್ಕು ನಮಗಿದೆಯೇ?

ಉತ್ತರ: ಖಂಡಿತ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನಿಮ್ಮ ಮಗಳ ವಿಷಯದಲ್ಲಿ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದು, ಅಂಗವೈಕಲ್ಯವು ಶೇ 40ಕ್ಕಿಂತ ಕಡಿಮೆಯಿಲ್ಲದ 6ರಿಂದ 18 ವರ್ಷದ ಮಗುವು ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ, ಉಚಿತವಾಗಿ ಕಲಿಯಬಹುದೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಆಯ್ಕೆಯನ್ನು ಮಗುವಿಗೆ ಕೊಟ್ಟಿದ್ದಾರೆಯೇ ಹೊರತು ಶಾಲೆಗಲ್ಲ.

‘ನಮ್ಮಲ್ಲಿ ತರಬೇತಿ ಪಡೆದ ಶಿಕ್ಷಕರಿಲ್ಲ’ ಎಂಬ ಉತ್ತರ ಬರಬಹುದು. ಅದನ್ನು ಒಪ್ಪಬೇಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವಿಕಲ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಂಡು ಅಗತ್ಯ ಅನುಕೂಲ ಕಲ್ಪಿಸಬೇಕೆಂದು 2016ರ ಕಾಯ್ದೆಯ 16ನೇ ಕಲಂ ವಿಧಿಸುತ್ತದೆ. ಶಿಕ್ಷಕರಿಗೆ ತರಬೇತಿ ಕೊಡಿಸುವುದು ಸರ್ಕಾರದ ಹೊಣೆ. ಅಷ್ಟಕ್ಕೂ ಮಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದು, ಕಪ್ಪುಹಲಗೆಯತ್ತ ತಿರುಗಿ ಮಾತನಾಡದೆ ತುಟಿ ಕಾಣುವಂತೆ ನಿಂತು ಪಾಠ ಹೇಳುವುದು ಯಾವ ಶಿಕ್ಷಕರಿಗೂ ಅಸಾಧ್ಯವಲ್ಲ.

ಬಾಯಿಮಾತಿನ ನಿರಾಕರಣೆಗೆ ದಾಖಲೆ ಇರುವುದಿಲ್ಲ. ಆದ್ದರಿಂದ ಅರ್ಜಿಯನ್ನು ಎರಡು ಪ್ರತಿ ಬರೆದು, ಪ್ರಮಾಣಪತ್ರದ ನಕಲು ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಸೇರಿಸಿಕೊಳ್ಳದಿದ್ದರೆ ಕಾರಣವನ್ನು ಲಿಖಿತವಾಗಿ ಕೇಳಿ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಂಡು ಕ್ಷೇತ್ರ ಶಿಕ್ಷಣಾಧಿಕಾರಿಯವರ ಗಮನಕ್ಕೆ ತನ್ನಿ. ಶಿಕ್ಷಣ ಹಕ್ಕು ಕಾಯ್ದೆಯಡಿ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯಿತಿ, ನಗರಸಭೆಯಂಥ ಸಂಸ್ಥೆಗೆ) ಲಿಖಿತ ದೂರು ಕೊಟ್ಟರೆ ಅದು 3 ತಿಂಗಳೊಳಗೆ ತೀರ್ಮಾನವಾಗಬೇಕು; ಆ ತೀರ್ಮಾನ ಸಮಾಧಾನ ತರದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಈ ಓಡಾಟದಲ್ಲಿ ದಾಖಲಾತಿಯ ಅವಧಿ ಮುಗಿದರೂ, ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

ವಿಶೇಷ ಶಾಲೆಯೇ ಕಡಿಮೆಯದೆಂದು ನಾನು ಹೇಳುತ್ತಿಲ್ಲ; ಸನ್ನೆಭಾಷೆಯಲ್ಲೇ ಹೆಚ್ಚು ಸಲೀಸಾಗಿ ಕಲಿಯುವ ಮಕ್ಕಳಿದ್ದಾರೆ. ಸಾಧ್ಯವಾದರೆ ಮಗಳನ್ನು ಎರಡೂ ಕಡೆಯ ತರಗತಿಗಳಲ್ಲಿ ಒಂದೊಂದು ದಿನ ಕೂರಿಸಿ, ಎಲ್ಲಿ ಇಷ್ಟವಾಯಿತೆಂದು ಅವಳನ್ನೇ ಕೇಳಿ.