ಚೌತಿಯೊಳಗೆ 65 ಕಿಲೊ

ಮನಸ್ಸಿನ ಸಮಾಲೋಚನೆಗೆಂದು ಬಂದ ಆಕೆ ನನ್ನ ಮೇಜಿನ ಮೇಲೆ ಮೊದಲು ಇಟ್ಟದ್ದು 200 ಪುಟಗಳ ಒಂದು ನೋಟ್‌ಬುಕ್. ಎಡಗಡೆ ದಿನಾಂಕ, ನಡುವೆ ಬೆಳಗಿನ ತೂಕ, ಬಲಗಡೆ ರಾತ್ರಿಯ ತೂಕ; ಇಳಿದ ದಿನ ನೀಲಿ ಶಾಯಿ, ಏರಿದ ದಿನ ಕೆಂಪು ಶಾಯಿ. ಮೇ ತಿಂಗಳ ನಡುವಿನವರೆಗೆ ಪುಟಗಳು ಬಹುಪಾಲು ನೀಲಿಯಾಗಿದ್ದವು, ಅಲ್ಲಿಂದಾಚೆ ಕೆಂಪು ಹೆಚ್ಚುತ್ತಾ ಬಂದಿತ್ತು, ಜುಲೈ 12ರ ಸಾಲಿನ ನಂತರ ಏನನ್ನೂ ಬರೆದಿರಲಿಲ್ಲ. ಕೆಲವು ಕೆಂಪು ಅಂಕೆಗಳ ಕೆಳಗೆ ಪೆನ್ನು ಹಿಂದಿನ ಪುಟದಲ್ಲೂ ಮೂಡುವಷ್ಟು ಒತ್ತಿ ಗೆರೆ ಎಳೆದಿದ್ದರು.

ಆಕೆಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರನ್ನು ಕೊಡುವುದಿಲ್ಲ. ವಯಸ್ಸು 44, ಎತ್ತರ 155 ಸೆಂಟಿಮೀಟರ್, ತವರು ಶಿರಸಿ ತಾಲೂಕಿನ ಹಳ್ಳಿ, ಮದುವೆಯಾಗಿ ಬಂದದ್ದು ಕಾರವಾರಕ್ಕೆ, ಕೆಲಸ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವುದು. ಡಿಸೆಂಬರ್‌ನಲ್ಲಿ ವೈದ್ಯರು ಸಕ್ಕರೆ ಅಂಚಿನಲ್ಲಿದೆ ಎಂದು ಎಚ್ಚರಿಸಿದಾಗ ತೂಕ 78 ಕಿಲೊ ಇತ್ತು. ಮರುದಿನದಿಂದಲೇ ಬೆಳಿಗ್ಗೆ ಐದೂವರೆಗೆ ಎದ್ದು, ವಾರಕ್ಕೆ ಆರು ದಿನ, ಟ್ಯಾಗೋರ್ ಕಡಲತೀರದಲ್ಲಿ 50 ನಿಮಿಷ ನಡೆಯತೊಡಗಿದರು. ರಾತ್ರಿಯ ಅನ್ನವನ್ನು ಅರ್ಧಕ್ಕೆ ಇಳಿಸಿದರು, ಸಂಜೆಯ ಕರಿದ ತಿಂಡಿಯನ್ನು ಬಿಟ್ಟರು. ಐದು ತಿಂಗಳಲ್ಲಿ 71.5ಕ್ಕೆ ಬಂದರು. ಆಮೇಲೆ ಎಂಟು ವಾರ, ಮಳೆಯಲ್ಲಿ ಕೊಡೆ ಹಿಡಿದು ನಡೆದರೂ, ಸುರಿಯುವ ದಿನ ಮಾಳಿಗೆಯ ಮೇಲೆ ಗೋಡೆಯಿಂದ ಗೋಡೆಗೆ ಸುತ್ತಿದರೂ, ಮುಳ್ಳು 71ಕ್ಕೂ 72.5ಕ್ಕೂ ನಡುವೆ ಓಲಾಡಿತೇ ಹೊರತು ಇಳಿಯಲಿಲ್ಲ. ಜುಲೈ 12ರಂದು ನಡಿಗೆಯನ್ನೇ ನಿಲ್ಲಿಸಿಬಿಟ್ಟರು. ನನ್ನ ಬಳಿಗೆ ಬಂದದ್ದು ಆ ತಿಂಗಳ ಕೊನೆಗೆ.

“ನನ್ನ ಮನಸ್ಸು ಗಟ್ಟಿ ಇಲ್ಲ ಮೇಡಂ, ಅದನ್ನು ಗಟ್ಟಿ ಮಾಡಿಕೊಡಿ” ಎಂಬುದು ಆಕೆಯ ಬೇಡಿಕೆ. ಈ ಮಾತನ್ನು ನಾನು ವಾರಕ್ಕೆ ಒಂದೆರಡು ಸಲವಾದರೂ ಕೇಳುತ್ತೇನೆ, ಪ್ರತಿ ಸಲವೂ ಅನುಮಾನದಿಂದಲೇ ಕೇಳುತ್ತೇನೆ. ಐದು ತಿಂಗಳು ನಸುಕಿನಲ್ಲಿ ಎದ್ದು, ಮನೆಯವರ ಡಬ್ಬಿ ಕಟ್ಟಿ, ನಡೆದು, ಒಂಬತ್ತೂವರೆಗೆ ಕಚೇರಿಗೆ ಹಾಜರಾದವರಿಗೆ ಮನಸ್ಸಿನ ಗಟ್ಟಿತನದ ಕೊರತೆ ಇತ್ತೆಂದು ನಂಬಲು ನನಗೆ ಸಾಧ್ಯವಾಗಲಿಲ್ಲ. ಕೊರತೆ ಬೇರೆಲ್ಲೋ ಇತ್ತು.

ಮೊದಲ ಭೇಟಿಯಲ್ಲಿ ನಾನು ಸಲಹೆಯನ್ನೇ ಕೊಡಲಿಲ್ಲ, ವೈದ್ಯರ ಬಳಿಗೆ ಮರಳಿ ಕಳಿಸಿದೆ. ತೂಕ ಇಳಿಯದಿರುವುದಕ್ಕೆ ಥೈರಾಯ್ಡ್ ಕೊರತೆ, ಕೆಲವು ಔಷಧಗಳು, ಮುಟ್ಟು ನಿಲ್ಲುವ ಕಾಲದ ಬದಲಾವಣೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆ ಇವೆಲ್ಲ ಕಾರಣವಾಗಬಲ್ಲವು. ಇವನ್ನು ನೋಡದೆ ಮನಸ್ಸಿನ ಮಾತಿಗೆ ಕೂರುವುದು ನನ್ನ ವೃತ್ತಿಗೆ ಶೋಭಿಸುವುದಿಲ್ಲ. ವಾಂತಿ ಮಾಡಿಕೊಳ್ಳುವುದು, ಭೇದಿಯ ಮಾತ್ರೆ ನುಂಗುವುದು ಮುಂತಾದ ಅಭ್ಯಾಸಗಳಿವೆಯೇ ಎಂದೂ ಕೇಳಿದೆ, ಇರಲಿಲ್ಲ. ಥೈರಾಯ್ಡ್ ಸರಿಯಾಗಿತ್ತು. ಆ ವರದಿಯ ಹಾಳೆಯಲ್ಲೇ ಇನ್ನೊಂದು ಅಂಕೆಯಿತ್ತು, ಆಕೆ ಅದನ್ನು ನನಗೆ ಹೇಳಿರಲೂ ಇಲ್ಲ: ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6.2ರಿಂದ 5.8ಕ್ಕೆ ಇಳಿದಿತ್ತು. 5.7ರಿಂದ 6.4ರವರೆಗಿನದನ್ನು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಅಂದರೆ ಯಾವುದಕ್ಕಾಗಿ ನಡೆಯಲು ಹೊರಟಿದ್ದರೋ ಆ ಕೆಲಸ ಮುಕ್ಕಾಲುಪಾಲು ಆಗಿಹೋಗಿತ್ತು. “ಹೌದು, ಆದರೆ ತೂಕ ಇಳಿದಿಲ್ಲವಲ್ಲ” ಎಂದರು. ಡಿಸೆಂಬರ್‌ನ ಆ ಕಾರಣ ಯಾವಾಗಲೋ ಹಿಂದೆ ಬಿದ್ದು, “ಚೌತಿಯೊಳಗೆ 65” ಎಂಬ ಇನ್ನೊಂದು ಗುರಿ ಅದರ ಜಾಗದಲ್ಲಿ ಬಂದು ಕುಳಿತಿತ್ತು. ಆ ಗುರಿಯನ್ನು ಕಚೇರಿಯಲ್ಲೂ ತವರಿನಲ್ಲೂ ಬಾಯಿಬಿಟ್ಟು ಹೇಳಿಕೊಂಡಿದ್ದರು. ಈಗ ಎಲ್ಲರೂ ಕೇಳುತ್ತಿದ್ದರು. ಅತ್ತೆಯ ಮಾತಂತೂ ನೇರ: “ಅಷ್ಟು ಚಪ್ಪಲಿ ಸವೆಸಿ ಸಿಕ್ಕಿದ್ದೇನು?”

ಲೆಕ್ಕದವರಿಗೆ ಲೆಕ್ಕದ ಭಾಷೆಯಲ್ಲೇ ಹೇಳುವುದು ಒಳ್ಳೆಯದೆಂದು ಎರಡನೆಯ ಭೇಟಿಯಲ್ಲಿ ನೋಟ್‌ಬುಕ್ ಬಿಡಿಸಿಕೊಂಡು ಕುಳಿತೆವು. ಜೂನ್ ತಿಂಗಳ ಒಂದು ಬೆಳಗಿನಿಂದ ಮರುದಿನ ಬೆಳಗಾಗುವಷ್ಟರಲ್ಲಿ 900 ಗ್ರಾಂ ಏರಿತ್ತು. ಕೆಂಪು ಗೆರೆ ಬಲವಾಗಿ ಬಿದ್ದಿದ್ದ ಸಾಲುಗಳಲ್ಲಿ ಅದೂ ಒಂದು. ಒಂದು ಕಿಲೊ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 900 ಗ್ರಾಂ ಕೊಬ್ಬು ಸೇರಬೇಕಾದರೆ ದೇಹದ ಖರ್ಚೆಲ್ಲ ಕಳೆದು ಸುಮಾರು 7,000 ಕ್ಯಾಲೊರಿ ಮಿಗಬೇಕು. ಆ ರಾತ್ರಿ ಆಕೆ ಉಂಡದ್ದು ಕುಸುಬಲಕ್ಕಿ ಗಂಜಿ ಮತ್ತು ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನಗಳಲ್ಲಿ ನಮ್ಮ ಕರಾವಳಿಯ ಎಷ್ಟೋ ಮನೆಗಳ ಊಟ ಒಣಮೀನು, ಉಪ್ಪಿನಕಾಯಿ, ಹಪ್ಪಳಗಳ ಮೇಲೆಯೇ ನಡೆಯುತ್ತದೆ, ಉಪ್ಪು ಹೋದ ಕಡೆ ನೀರೂ ಹೋಗಿ ನಿಲ್ಲುತ್ತದೆ. ಮುಟ್ಟಿನ ಮುಂಚಿನ ದಿನಗಳ ನೀರು ಬೇರೆ. ಮಳೆಗಾಲದ ಆ ಕೆಂಪು ಸಾಲುಗಳಲ್ಲಿ ಬಹಳಷ್ಟು ಹೀಗೆ ನೀರಿನ ಲೆಕ್ಕವಾಗಿದ್ದವು.

ಎಲ್ಲವೂ ನೀರು ಎಂದು ಸಮಾಧಾನ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಇಳಿತ ನಿಜವಾಗಿಯೂ ನಿಂತಿತ್ತು. ದೇಹ ಹಗುರಾದಂತೆ ಅದನ್ನು ಹೊತ್ತು ನಡೆಯುವ ಖರ್ಚೂ ಇಳಿಯುತ್ತದೆ. ಸುಮ್ಮನೆ ಕುಳಿತಾಗಿನ ಖರ್ಚೂ ಇಳಿಯುತ್ತದೆ, ಅದೂ ತೂಕ ಇಳಿದ ಪ್ರಮಾಣಕ್ಕಿಂತ ತುಸು ಹೆಚ್ಚಾಗಿ. ಜೊತೆಗೆ ನಮಗೇ ಗೊತ್ತಾಗದಂತೆ ದಿನದ ಉಳಿದ ಓಡಾಟ ಕಡಿಮೆಯಾಗುತ್ತದೆ. ವಿಚಾರಿಸಿದಾಗ ತಿಳಿದದ್ದು, “ಬೆಳಿಗ್ಗೆ ನಡೆದಾಯಿತಲ್ಲ” ಎಂದು ಆಕೆ ಮಾರ್ಕೆಟ್ಟಿಗೆ ಮಗನನ್ನು ಕಳಿಸತೊಡಗಿದ್ದರು, ಕಚೇರಿಗೆ ಸ್ಕೂಟರ್ ಹಿಡಿದಿದ್ದರು. ಅರ್ಧವಾಗಿದ್ದ ರಾತ್ರಿಯ ಅನ್ನವೂ ಸೌಟಿನ ಅಂದಾಜಿನಲ್ಲಿ ಮುಕ್ಕಾಲಿಗೆ ಏರಿತ್ತು. ಆಯ ವ್ಯಯ ಎರಡೂ ಸಮನಾಗುವ ಜಾಗ ಅದು; ತೂಕ ಇಳಿಸಲು ಹೊರಟವರಲ್ಲಿ ಬಹುಮಂದಿ ಅರ್ಧ ವರ್ಷದ ಆಸುಪಾಸಿನಲ್ಲಿ ಅಲ್ಲಿಗೆ ತಲುಪುತ್ತಾರೆ.

ಆಕೆಗೆ ಇನ್ನೊಂದು ಭಯವಿತ್ತು. ಕಡಿಮೆ ತಿಂದು ತನ್ನ ದೇಹ “ಉಪವಾಸದ ಸ್ಥಿತಿ”ಗೆ ಹೋಗಿದೆ, ಇನ್ನು ಏನು ಮಾಡಿದರೂ ಇಳಿಯುವುದಿಲ್ಲ ಎಂದು ಫೋನಿನ ವಿಡಿಯೊಗಳು ಹೇಳಿದ್ದವು. ಅದಕ್ಕೆ ನಾನು 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗದ ಸಂಗತಿ ಹೇಳಿದೆ. 36 ಯುವಕರು 24 ವಾರ ಅರೆಹೊಟ್ಟೆಯಲ್ಲಿದ್ದರು. ದೇಹದ ಖರ್ಚು ಬಹಳ ಇಳಿಯಿತು, ಆದರೂ ಅವರು ಸುಮಾರು ಕಾಲು ಭಾಗದಷ್ಟು ತೂಕ ಕಳೆದುಕೊಂಡರು. ದೇಹ ಕೈ ಬಿಗಿಹಿಡಿಯುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಅದೇ ಪ್ರಯೋಗದ ಇನ್ನೊಂದು ಪಾಠವನ್ನೂ ಹೇಳಿದೆ: ಆ ಯುವಕರು ಖಿನ್ನರಾದರು, ಸಿಡುಕಿದರು, ಹಗಲಿರುಳು ಆಹಾರವನ್ನೇ ಧ್ಯಾನಿಸಿದರು. ಆದ್ದರಿಂದ ಅನ್ನವನ್ನು ಇನ್ನೂ ಇಳಿಸುವುದು ನಾನು ಕೊಡುವ ಸಲಹೆಯಾಗಿರಲಿಲ್ಲ.

ಮಾತಿನ ನಡುವೆ ಬಂದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಳೆಯ ಹಂಚಿನ ಮನೆ, ಬಚ್ಚಲಿನ ಹೊರಗಿನ ಕಲ್ಲುಹಾಸು ಸಮತಟ್ಟಿಲ್ಲ. ತೂಕದ ಯಂತ್ರವನ್ನು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಸಿದರೆ ಅಂಕೆ ಬದಲಾಗುತ್ತಿತ್ತು. ಜುಲೈ ಹೊತ್ತಿಗೆ ಆಕೆ ಪ್ರತಿದಿನ ನಾಲ್ಕು ಕಲ್ಲುಗಳ ಮೇಲೆ ಯಂತ್ರವಿಟ್ಟು, ಕೂದಲಿನ ನೀರು ಹಿಂಡಿ, ಕೈಬಳೆ ತೆಗೆದು, ನಾಲ್ಕು ಸಲ ನಿಂತು, ಅತಿ ಕಡಿಮೆಯದನ್ನು ಬರೆಯುತ್ತಿದ್ದರು. ಇದನ್ನು ಹೇಳುವಾಗ ನಕ್ಕರು, ನಗುತ್ತಲೇ ಅತ್ತರು. ಹಿಂದೆ ರೈಲು ನಿಲ್ದಾಣಗಳ ತೂಕದ ಯಂತ್ರ ಚೀಟಿಯಲ್ಲಿ ಭವಿಷ್ಯವನ್ನೂ ಮುದ್ರಿಸಿ ಕೊಡುತ್ತಿತ್ತು. ಆಕೆಯ ಯಂತ್ರವೂ ಅಂದಿನ ದಿನ ಹೇಗಿರಬೇಕೆಂಬುದನ್ನು ಬೆಳಗಿನ ಆರು ಗಂಟೆಗೇ ಬರೆದು ಕೊಡುತ್ತಿತ್ತು.

ನಡಿಗೆಯ ಬಗ್ಗೆ ಕೇಳಿದಾಗ ನಿಜವಾದ ಗಂಟು ಕಾಣಿಸಿತು. ಆಕೆಯ ಪುಸ್ತಕದಲ್ಲಿ ತಿಂದದ್ದು ಸಾಲ, ನಡೆದದ್ದು ಕಂತು. ಹೋಳಿಗೆ ತಿಂದ ಮರುದಿನ 20 ನಿಮಿಷ ಹೆಚ್ಚು ನಡೆಯುವುದು, ತೂಕ ಏರಿದ ದಿನ ಅದೇ ದಂಡವನ್ನು ಇನ್ನೊಮ್ಮೆ ಕಟ್ಟುವುದು. ಆದರೆ ಆ ಲೆಕ್ಕವೇ ತಾಳೆಯಾಗುವಂಥದ್ದಲ್ಲ: 70 ಕಿಲೊ ಆಸುಪಾಸಿನವರು ಸಾಧಾರಣ ವೇಗದಲ್ಲಿ 50 ನಿಮಿಷ ನಡೆದರೆ, ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು, ಉಳಿಯುವುದು ಸುಮಾರು 150 ಕ್ಯಾಲೊರಿ, ಅಂದರೆ ಸಕ್ಕರೆ ಹಾಕಿದ ಒಂದು ಲೋಟ ಚಹಾ, ಎರಡು ಬಿಸ್ಕತ್ತಿನಷ್ಟು. ನಡಿಗೆಯನ್ನು ಪ್ರಾಯಶ್ಚಿತ್ತವಾಗಿ ಮಾಡಿಕೊಂಡವರು, ಪಾಪ ತೊಳೆಯಲಿಲ್ಲ ಎಂದು ತೋರಿದ ದಿನ ಅದನ್ನು ನಿಲ್ಲಿಸಿಬಿಡುವುದು ಸಹಜವೇ ಆಗಿತ್ತು. ಆಕೆಯ ಉತ್ಸಾಹ ಬತ್ತಿರಲಿಲ್ಲ. ಕಂತು ಕಟ್ಟಿ ಕಟ್ಟಿ ಬೇಸತ್ತಿದ್ದರು.

ಇಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ಅನ್ನದ ಪ್ರಮಾಣ ತಿಳಿಯಲೆಂದು ಎರಡು ವಾರ ತಿಂದದ್ದನ್ನು ಬರೆದಿಡಲು ಹೇಳಿದೆ. ಎಷ್ಟೋ ಜನರಿಗೆ ಇದು ನೆರವಾಗುತ್ತದೆ. ಆದರೆ ಲೆಕ್ಕ ಬರೆಯುವುದನ್ನೇ ಉಸಿರಾಗಿಸಿಕೊಂಡವರ ಕೈಗೆ ಇನ್ನೊಂದು ಖಾತೆ ಪುಸ್ತಕ ಕೊಟ್ಟರೆ ಏನಾಗುತ್ತದೆ ಎಂದು ನಾನು ಯೋಚಿಸಬೇಕಿತ್ತು. ಒಗ್ಗರಣೆಯ ಎಣ್ಣೆಯನ್ನೂ ಚಮಚದಲ್ಲಿ ಅಳೆದರು, ಮೂರು ರಾತ್ರಿ ಊಟ ಬಿಟ್ಟರು, ನಾಲ್ಕನೆಯ ರಾತ್ರಿ ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತೇ, ಡಬ್ಬಿಯ ಹಲಸಿನ ಚಿಪ್ಸ್ ಪೂರ್ತಿ ಮುಗಿಸಿದರು. ಮುಂದಿನ ಭೇಟಿಯಲ್ಲಿ ಆ ಸಲಹೆಯನ್ನು ಹಿಂದಕ್ಕೆ ಪಡೆದೆ, ತಪ್ಪು ನನ್ನದೆಂದೂ ಹೇಳಿದೆ, ಊಟದ ವಿಷಯವನ್ನು ಆಹಾರತಜ್ಞೆಯೊಬ್ಬರಿಗೆ ಒಪ್ಪಿಸಿದೆ. ಅವರು ಅಳತೆಯ ಗೊಡವೆಗೆ ಹೋಗದೆ, ಪ್ರತಿ ಊಟದಲ್ಲೂ ಮೀನು, ಮೊಟ್ಟೆ ಅಥವಾ ಕಾಳು ಇರಲಿ, ಪಲ್ಯ ಮೊದಲು ಬಡಿಸಿಕೊಳ್ಳಿ, ಅನ್ನ ಆಮೇಲೆ ಎಂದಷ್ಟೇ ಹೇಳಿದರು.

ನಾನು ಕೊಟ್ಟ ಸಲಹೆಗಳಲ್ಲಿ ಉಳಿದದ್ದು ಇವು. ಯಂತ್ರ ಕೋಣೆಯ ಸಮನಾದ ನೆಲದ ಒಂದೇ ಜಾಗದಲ್ಲಿರಲಿ. ತೂಕ ಭಾನುವಾರ ಬೆಳಿಗ್ಗೆ, ಶೌಚದ ನಂತರ, ತಿನ್ನುವ ಮೊದಲು, ಒಂದೇ ಸಲ. ನೋಡಬೇಕಾದದ್ದು ನಾಲ್ಕು ವಾರದ ಸರಾಸರಿ. ಕೆಂಪು ಪೆನ್ನನ್ನು ಕಚೇರಿಯಲ್ಲೇ ಬಿಟ್ಟುಬನ್ನಿ. ಸೊಂಟದ ಸುತ್ತಳತೆ ತಿಂಗಳಿಗೊಮ್ಮೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯ ಹೆಚ್ಚೆಂಬುದು ಮಾನದಂಡ. ಆಕೆಯದು ಡಿಸೆಂಬರ್‌ನಲ್ಲಿ ಎಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ. ಆದರೆ ಲಂಗದ ಲಾಡಿಯಲ್ಲಿ ಹಳೆಯ ಗಂಟಿನ ಸುಕ್ಕು ಇನ್ನೂ ಉಳಿದಿತ್ತು, ಈಗಿನ ಗಂಟು ಅದರಿಂದ ನಾಲ್ಕು ಬೆರಳು ಒಳಗೆ ಬೀಳುತ್ತಿತ್ತು. ಇದನ್ನು ಆಕೆಯೇ ಮನೆಯಲ್ಲಿ ಗಮನಿಸಿ ಬಂದು ಹೇಳಿದ್ದು. ಆ ದಿನ ಮೊದಲ ಬಾರಿಗೆ ಧ್ವನಿಯಲ್ಲಿ ಬೇರೆ ಏನೋ ಇತ್ತು.

ನಡಿಗೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳ ವ್ಯಾಯಾಮ ಸೇರಿಸಲು ಹೇಳಿದೆ: ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಯೊತ್ತಿ ದೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ ಇದೂ ಇದೆ, ನಮ್ಮಲ್ಲಿ ಹೆಂಗಸರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬಿಟ್ಟುಹೋಗುವ ದಿನಗಳಿಗೆ “ಹೀಗಾದರೆ ಹೀಗೆ” ಎಂಬ ವಾಕ್ಯಗಳನ್ನು ಮುಂಚಿತವಾಗಿ ಬರೆಸಿದೆ. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಅಧ್ಯಯನಗಳಿಂದ ಬಂದ ಸರಳ ಉಪಾಯ ಅದು. “ಐದೂವರೆಗೆ ಮಳೆ ಜೋರಾಗಿದ್ದರೆ, ಮಾಳಿಗೆಯಲ್ಲಿ ಹದಿನೈದು ನಿಮಿಷ.” “ತೂಕ ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ, ಸಕ್ಕರೆ ಇಳಿದಿದೆ ಎನ್ನುತ್ತೇನೆ.” ಎರಡನೆಯದನ್ನು ಅತ್ತೆಯ ಮೇಲೆಯೇ ಮೊದಲು ಪ್ರಯೋಗಿಸಿದರಂತೆ, ಮುದುಕಿ ಮರುದಿನ ತನ್ನ ಸಕ್ಕರೆಯನ್ನೂ ತೋರಿಸಿಕೊಂಡು ಬರಬೇಕೆಂದು ಹಟ ಹಿಡಿದರು.

ಚೌತಿಯ ಮುಂಚಿನ ವಾರ ಆಕೆ ನಿಜವಾಗಿ ಹೆದರಿದ್ದರು. 65 ದೂರವೇ ಉಳಿದಿತ್ತು, ತವರಿನ ಕೇರಿಯಲ್ಲಿ ಚಕ್ಕುಲಿ ಕಂಬಳ. ನೆರೆಹೊರೆಯವರೆಲ್ಲ ಒಂದು ಮನೆಯಲ್ಲಿ ಕೂಡಿ ಕೈಯಲ್ಲಿ ಚಕ್ಕುಲಿ ಸುತ್ತುವಾಗ ಬಾಣಲೆಯಿಂದ ತೆಗೆದ ಬಿಸಿ ಚಕ್ಕುಲಿ ಬೇಡವೆನ್ನುವುದು ಹೇಗೆ? ಬೇಡವೆನ್ನಬಾರದು ಎಂದೆ. ಕುಳಿತು, ನಾಲ್ಕು ಜನರ ಜೊತೆ, ಬೆಳಕಿನಲ್ಲಿ ತಿನ್ನಿ. ಯಂತ್ರವನ್ನು ಎರಡು ವಾರ ಮುಟ್ಟಬೇಡಿ. ಮರುದಿನದ ನಡಿಗೆ ಎಂದಿನಷ್ಟೇ ಇರಲಿ, ಒಂದು ನಿಮಿಷವೂ ಹೆಚ್ಚು ಬೇಡ. ಈ ಕೊನೆಯ ಮಾತು ಆಕೆಗೆ ಎಲ್ಲಕ್ಕಿಂತ ಕಷ್ಟವಾಯಿತು.

ನವೆಂಬರ್ ಕೊನೆಗೆ ಬಂದಾಗ ನಾಲ್ಕು ವಾರದ ಸರಾಸರಿ 70.6 ಇತ್ತು. ಜುಲೈಗಿಂತ ಒಂದು ಕಿಲೊ ಕೂಡ ಪೂರ್ತಿ ಇಳಿದಿರಲಿಲ್ಲ. ಸದಾಶಿವಗಡದ ಗುಡ್ಡವನ್ನು ಮಗನ ಜೊತೆ ನಿಲ್ಲದೆ ಹತ್ತಿದ್ದನ್ನು ಹೇಳಿದರು, ಮಾರ್ಕೆಟ್ಟಿಗೆ ತಾವೇ ಹೋಗುತ್ತಿರುವುದನ್ನು ಹೇಳಿದರು. ನೋಟ್‌ಬುಕ್ ಅದೇ, ಶಾಯಿ ಒಂದೇ. ಅದರಲ್ಲಿ ಒಂದು ಭಾನುವಾರದ ಸಾಲು ಖಾಲಿಯಿತ್ತು. ಸಂತೆಗೆ ಹೊರಡುವ ಅವಸರದಲ್ಲಿ ಯಂತ್ರದ ಮೇಲೆ ನಿಲ್ಲುವುದೇ ಮರೆತುಹೋಗಿತ್ತಂತೆ. ಹಿಂದಿನ ವಾರದ್ದನ್ನೂ ಮುಂದಿನ ವಾರದ್ದನ್ನೂ ಕೂಡಿಸಿ ಅರ್ಧ ಮಾಡಿ ಬರೆಯಬಹುದೇ ಎಂದು ಕೇಳಿದರು. ಲೆಕ್ಕದವರಿಗೆ ಖಾಲಿ ಸಾಲು ಸಹಿಸುವುದು ಕಷ್ಟ. ಹಾಗೆಯೇ ಇರಲಿ ಎಂದೆ. ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತಿದ್ದು, ಪೆನ್ನಿನ ಮುಚ್ಚಳ ಹಾಕಿದರು.